ಕಲ್ಯಾಣವನ್ನು ಕಾಣದ ಕಿರುಹಳಿ

ಹನ್ನೆರಡನೆಯ ಶತಮಾನದಲ್ಲಿ ನಾಡಿನ ನಾನಾ ದಿಕ್ಕುಗಳಿಂದ ಜನರು ಕಲ್ಯಾಣಕ್ಕೆ ನಡೆದು ಬಂದರು. ಇಂದು ಕಲ್ಯಾಣದವರು ರೈಲನ್ನು ಹುಡುಕಿಕೊಂಡು ಸುಮಾರು ಮೂವತ್ತು ಕಿಲೋಮೀಟರು ದೂರದ ಹುಮನಾಬಾದಿಗೆ ಹೋಗಬೇಕು. ಚಾಲುಕ್ಯರ ರಾಜಧಾನಿ, ವಿಜ್ಞಾನೇಶ್ವರನು ಮಿತಾಕ್ಷರವನ್ನು ಬರೆದ ಊರು, ಬಸವಣ್ಣನವರ ಕಾರ್ಯಕ್ಷೇತ್ರ ಎಂಬ ಬಿರುದುಗಳಿಗೆ ರೈಲ್ವೆಯ ಲೆಕ್ಕದ ಪುಸ್ತಕದಲ್ಲಿ ಅಂಕಣವಿಲ್ಲ. ಹಳಿ ಹಾಕುವವನು ಕೇಳುವುದು ಒಂದೇ ಪ್ರಶ್ನೆ: ಸರಕೆಷ್ಟು?

ಆ ಪ್ರಶ್ನೆಗೆ ತಕ್ಕ ಉತ್ತರವಿದ್ದ ಊರು ಲಾತೂರು. ಅದೂ ಕಲ್ಯಾಣದಂತೆ ಆಗ ನಿಜಾಮರ ಸೀಮೆಗೆ ಸೇರಿದ್ದು. ಈಗ ಗಡಿಯಾಚೆಯ ಮಹಾರಾಷ್ಟ್ರದಲ್ಲಿದೆ. ಅಲ್ಲಿಗೆ ೧೯೧೧ರಲ್ಲಿ ಬಂದು ಸೇರಿದ ಬಾರ್ಸಿ ಲೈಟ್ ರೈಲ್ವೆಯ ಕಥೆಯನ್ನು ನಮ್ಮ ಬೀದರ ಸೀಮೆಯವರು ತಿಳಿಯುವುದು ಒಳ್ಳೆಯದು.

ಎವೆರಾರ್ಡ್ ಕ್ಯಾಲ್ತ್ರಾಪ್ ಎಂಬ ಆಂಗ್ಲ ಇಂಜಿನಿಯರನ ಸಾಹಸವದು. (ಈ ಪುಣ್ಯಾತ್ಮನು ಮುಂದೆ ವಿಮಾನದಿಂದ ಧುಮುಕುವವರಿಗಾಗಿ ಪ್ಯಾರಾಚೂಟನ್ನೂ ರೂಪಿಸಿದನೆಂದರೆ ಅವನ ತಲೆ ಎಂತಹುದೆಂದು ಊಹಿಸಬಹುದು.) ದೊಡ್ಡ ರೈಲುಮಾರ್ಗದಲ್ಲಿ ಹಳಿಗಳ ನಡುವಣ ಅಂತರ ಐದೂವರೆ ಅಡಿ, ಅವನದು ಎರಡೂವರೆ ಅಡಿ. ಸಾಮಾನ್ಯವಾಗಿ ಇಂಜಿನ್ನಿನ ಭಾರವನ್ನು ತಾಳಲೆಂದು ಗಟ್ಟಿ ಹಳಿ ಹಾಕುತ್ತಾರೆ. ಹಗುರವಾದ ವ್ಯಾಗನ್ನುಗಳಿಗೆ ಅಷ್ಟು ಗಟ್ಟಿತನ ಬೇಕೇ ಇಲ್ಲ. ಕ್ಯಾಲ್ತ್ರಾಪ್ ಈ ದುಂದನ್ನು ಕಂಡುಹಿಡಿದ. ಇಂಜಿನ್ನಾಗಲಿ ವ್ಯಾಗನ್ನಾಗಲಿ, ಒಂದು ಅಚ್ಚಿನ ಮೇಲೆ ಬೀಳುವ ಭಾರ ಐದು ಟನ್ನನ್ನು ಮೀರಬಾರದೆಂದು ಕಟ್ಟು ಹಾಕಿದ. ಹಗುರ ಹಳಿ ಸಾಕಾಯಿತು. ಆ ಹಳಿಯ ಶಕ್ತಿಯೆಲ್ಲ ಸರಕು ಹೊರುವುದಕ್ಕೇ ವಿನಿಯೋಗವಾಯಿತು. ೧೮೯೭ರಲ್ಲಿ ಬಾರ್ಸಿಯಿಂದ ಕುರ್ಡುವಾಡಿಯ ದೊಡ್ಡ ಮಾರ್ಗದವರೆಗೆ ಕೇವಲ ೨೧ ಮೈಲಿ ಓಡಿದ ಈ ಪುಟ್ಟ ಬಂಡಿ, ೧೯೦೬ರಲ್ಲಿ ಪಂಢರಪುರವನ್ನೂ ೧೯೨೭ರಲ್ಲಿ ಮಿರಜನ್ನೂ ಮುಟ್ಟಿತು.

ಆದರೆ ಅಗ್ಗವಾಗಿ ಹಾಕಿದ ಹಳಿ ಅಗ್ಗವಾಗಿ ನಡೆಯಬೇಕೆಂಬ ನಿಯಮವಿಲ್ಲವಷ್ಟೆ. ಲಾತೂರಿನಿಂದ ಬಂದ ಹತ್ತಿಯ ಅಂಡಿಗೆ ಕುರ್ಡುವಾಡಿಯಲ್ಲಿ ಇಳಿಯಬೇಕು, ಹಮಾಲರ ಬೆನ್ನೇರಬೇಕು, ದೊಡ್ಡ ವ್ಯಾಗನ್ನಿಗೆ ಮತ್ತೆ ಏರಬೇಕು. ಕೂಲಿ ಎರಡು ಪಟ್ಟು, ಕಾಲಹರಣ, ನಡುವೆ ಸೋರಿದ್ದೆಷ್ಟೋ! ಮಿರಜಿನಲ್ಲಿ ಸಿಕ್ಕ ಹಳಿ ಮೀಟರ್‌ಗೇಜ್. ಅಲ್ಲಿಯೂ ಇದೇ ಗೋಳು. ಪಂಢರಪುರದಲ್ಲಿ ಆಷಾಢ ಕಾರ್ತಿಕಗಳ ಏಕಾದಶಿಗೆ ಯಾತ್ರಿಕರು ಮುಗಿಬೀಳುವರು. ಆ ನೂಕುನುಗ್ಗಲಿಗೆ ಬೇಕಾಗುವಷ್ಟು ಗಾಡಿಗಳನ್ನು ವರ್ಷವೆಲ್ಲ ಸಾಕುವುದೆಂತು? ರಸ್ತೆಯ ಮೇಲೆ ಲಾರಿ ಬಂದಮೇಲಂತೂ ಸರಕು ಅಂಗಡಿಯ ಬಾಗಿಲಿಗೇ ಬಂದು ಇಳಿಯತೊಡಗಿತು. ೧೯೫೪ರಲ್ಲಿ ಸರ್ಕಾರ ಈ ಮಾರ್ಗವನ್ನು ಕೊಂಡಿತು. ಕುರ್ಡುವಾಡಿ–ಲಾತೂರು ಭಾಗದ ಕಿರುಹಳಿ ಕಿತ್ತು ದೊಡ್ಡ ಹಳಿ ಪೂರ್ತಿಯಾದುದು ೨೦೦೮ರಲ್ಲಿ.

ಕಲ್ಯಾಣದವರು ಲಕ್ಷ್ಯವಿಡಬೇಕಾದ ಸಂಗತಿ ಇಲ್ಲಿದೆ. ಹಳೆಯ ಕಿರುಹಳಿ ಉಸ್ಮಾನಾಬಾದನ್ನು, ಎಂದರೆ ಈಗಿನ ಧಾರಾಶಿವವನ್ನು, ಬದಿಗೊತ್ತಿ ಹೋಗಿತ್ತು. ದೊಡ್ಡ ಹಳಿ ಹಾಕುವಾಗ ಹಳೆಯ ಜಾಡನ್ನು ಅಲ್ಲಲ್ಲಿ ಬಿಟ್ಟು ಆ ಊರನ್ನು ಸೇರಿಸಿಕೊಂಡರು. ತಪ್ಪಿಹೋದ ಊರಿಗೆ ರೈಲು ಬರಲು ತೊಂಬತ್ತಕ್ಕೂ ಹೆಚ್ಚು ವರ್ಷ ಹಿಡಿಯಿತು. ಜಿಲ್ಲೆಯ ಮುಖ್ಯ ಪಟ್ಟಣದ ಗತಿಯೇ ಹೀಗೆಂದರೆ ತಾಲ್ಲೂಕಿನ ಊರಿನ ಮಾತೇನು?

ಹುಮನಾಬಾದೂ ಬಹುಕಾಲ ಬಸ್ಸನ್ನೇ ನಂಬಿತ್ತು. ನಿಜಾಮರ ರೈಲ್ವೆಯೇ ೧೯೩೨ರಲ್ಲಿ ೨೭ ಬಸ್ಸುಗಳೊಡನೆ ರಸ್ತೆ ಸಾರಿಗೆಯನ್ನು ಆರಂಭಿಸಿತ್ತೆಂಬುದು ವಿನೋದವಾದರೂ ನಿಜ. ೧೧೦ ಕಿಲೋಮೀಟರಿನ ಬೀದರ್–ಕಲಬುರಗಿ ಮಾರ್ಗ ಪೂರ್ಣವಾಗಿ ಉದ್ಘಾಟನೆಯಾದದ್ದು ೨೦೧೭ರ ಅಕ್ಟೋಬರ್ ೨೯ರಂದು. ಸುಮಾರು ೩೭೦ ಕೋಟಿಯ ಅಂದಾಜು ಅಷ್ಟರಲ್ಲಿ ೧,೫೪೨ ಕೋಟಿ ರೂಪಾಯಿಗೆ ಏರಿತ್ತು. ಹುಮನಾಬಾದಿಗೆ ನಿಲ್ದಾಣ ದಕ್ಕಿತು; ಕಲ್ಯಾಣ ಪಕ್ಕದಲ್ಲಿ ಉಳಿಯಿತು.

ಕಲ್ಯಾಣಕ್ಕೊಂದು ಕವಲುಹಳಿ ಬೇಕೆಂದರೆ ಕ್ಯಾಲ್ತ್ರಾಪನನ್ನು ಕಾಡಿದ ತೊಡಕು ಈಗಿಲ್ಲ: ಅಗಲ ಒಂದೇ, ಇಳಿಸಿ ಏರಿಸುವ ಕೂಲಿ ಬೇಡ. ತೊಗರಿಯುಂಟು, ಕಬ್ಬುಂಟು. ೨೦೨೧ರಲ್ಲಿ ಹೊಸ ಅನುಭವ ಮಂಟಪಕ್ಕೆ ಅಡಿಗಲ್ಲು ಬಿದ್ದಿದೆಯಾದ್ದರಿಂದ ಯಾತ್ರಿಕರ ಲೆಕ್ಕವನ್ನೂ ಹಿಡಿಯಬಹುದು. ಆದರೆ ಶರಣರ ಹೆಸರಿನಲ್ಲಿ ಬೇಡುವುದಕ್ಕಿಂತ, ಮೂಟೆಗಳನ್ನೂ ಪ್ರಯಾಣಿಕರನ್ನೂ ಎಣಿಸಿ ಕೇಳುವುದೇ ಲೇಸೆಂದು ನನ್ನ ಅಭಿಪ್ರಾಯ. ಆ ಎಣಿಕೆಯನ್ನು ಊರಿನ ವರ್ತಕರೇ ಆರಂಭಿಸಬೇಕು.