ತಾಳುವ ಶಕ್ತಿ

ರೈತನಿಗೆ ಉಪದೇಶ ಹೇಳುವವರಿಗೆ ನಮ್ಮ ನಾಡಿನಲ್ಲಿ ಎಂದೂ ಬರವಿಲ್ಲ. ಮಳೆಗೆ ಬರ ಬರಬಹುದು, ಬೀಜಕ್ಕೆ ಬರಬಹುದು, ಕೈಗಡಕ್ಕೆ ಬರಬಹುದು. ಉಪದೇಶಕ್ಕೆ ಮಾತ್ರ ವರ್ಷವೆಲ್ಲವೂ ಸುಭಿಕ್ಷ. ಮುಂಗಾರಿಗೆ ಮೊದಲೇ ಹೊಲವನ್ನು ಹದಮಾಡಿಕೊಳ್ಳಿರಿ, ಒಳ್ಳೆಯ ಬೀಜವನ್ನು ತನ್ನಿರಿ, ಪೇಟೆಯ ಧಾರಣೆಯನ್ನು ತಿಳಿದು ಬೆಳೆಯಿಡಿರಿ ಎಂದು ಹೇಳುವುದು ಸುಲಭ. ಆದರೆ ಮಳೆ ಯಾವಾಗ ಬರುವುದೆಂಬುದನ್ನೂ, ಧಾರಣೆ ಎಲ್ಲಿ ನಿಲ್ಲುವುದೆಂಬುದನ್ನೂ ಬಲ್ಲವರಾರು? ತಿಳಿಯಲಾಗದ ಕಾಲಕ್ಕೆ ಸಿದ್ಧನಾಗುವುದು ಹೇಗೆ ಎಂಬುದೇ ನಿಜವಾದ ಪ್ರಶ್ನೆ. ಇದನ್ನು ಗಾಳಿಯಲ್ಲಿ ಚರ್ಚಿಸುವುದಕ್ಕಿಂತ ಒಂದು ಊರಿನ ಮಣ್ಣಿನ ಮೇಲೆ ನಿಂತು ಚರ್ಚಿಸುವುದು ಮೇಲು. ಆದುದರಿಂದ ಬಿಡದಿಯ ಸಮೀಪದ ಬೈರಮಂಗಲವನ್ನು ವಾಚಕರ ಮುಂದೆ ಇಡುತ್ತೇವೆ.

ಬೈರಮಂಗಲದ ಕೆರೆ 1940ರ ದಶಕದಲ್ಲಿ, ಮೈಸೂರು ಸಂಸ್ಥಾನದ ಕಾಲದಲ್ಲಿ, ವೃಷಭಾವತಿಗೆ ಅಡ್ಡಲಾಗಿ ಕಟ್ಟಲ್ಪಟ್ಟಿತು. ಬಸವನಗುಡಿಯ ನಂದಿಯ ಪಾದದಲ್ಲಿ ಹುಟ್ಟುವಳೆಂದು ಹಿರಿಯರು ಹೇಳುತ್ತಿದ್ದ ಆ ನದಿ ಮುಂದೆ ಅರ್ಕಾವತಿಯನ್ನು ಸೇರಿ, ಅದರೊಡನೆ ಸಂಗಮದಲ್ಲಿ ಕಾವೇರಿಗೆ ಬೀಳುವುದು. ಭತ್ತದ ಗದ್ದೆಗಳಿಗಾಗಿ ಕಟ್ಟಿದ ಕೆರೆ ಅದು. ಬೆಂಗಳೂರು ನಗರವು ಬೆಳೆದಂತೆಲ್ಲ ಅದರ ಮನೆಮನೆಯ ಕೊಳಚೆಯೂ ಕಾರ್ಖಾನೆಗಳ ಕಲ್ಮಷವೂ ಅದೇ ನದಿಗೆ ಇಳಿದವು. ಪರಿಣಾಮವೇನೆಂದರೆ, ಸುತ್ತಲಿನ ಕೆರೆಗಳು ಬೇಸಗೆಯಲ್ಲಿ ಬಿರುಕುಬಿಟ್ಟರೂ ಬೈರಮಂಗಲದ ಕೆರೆ ಬತ್ತುವುದಿಲ್ಲ. ಆದರೆ ಆ ನೀರು ನೊರೆಗಟ್ಟಿ ನಾರುವುದು, ಪರೀಕ್ಷಿಸಿದ ವಿಜ್ಞಾನಿಗಳಿಗೆ ಅದರಲ್ಲಿ ಭಾರಲೋಹಗಳು ಕಂಡಿವೆ. ಭತ್ತ ಬೆಳೆಯುತ್ತಿದ್ದ ಕಡೆ ಇಂದು ಮೇವಿನ ಹುಲ್ಲು, ಬೇಬಿ ಕಾರ್ನ್ ಎನ್ನುವ ಎಳೆಯ ಜೋಳ, ಹಿಪ್ಪುನೇರಳೆ, ತೆಂಗು ಇವೆ. ಅಚ್ಚುಕಟ್ಟಿನ ಆಚೆಯ ಹೊಲಗಳಲ್ಲಿ ಎಂದಿನಂತೆ ಮಳೆಯನ್ನೇ ನಂಬಿದ ರಾಗಿ. ಒಂದು ಕಡೆ ಮಳೆಯಿಲ್ಲದ ಭೂಮಿ, ಇನ್ನೊಂದು ಕಡೆ ಗುಣವಿಲ್ಲದ ನೀರು. ಇವೆರಡರ ನಡುವೆ ನಮ್ಮ ರೈತ.

ಮಳೆಯ ಮಾತನ್ನು ಮೊದಲು ತೆಗೆದುಕೊಳ್ಳೋಣ. ಈ ಸೀಮೆಗೆ ವರ್ಷಕ್ಕೆ ಸುಮಾರು 800 ಮಿಲಿಮೀಟರಿನ ಆಸುಪಾಸು ಮಳೆಯೆಂದು ಲೆಕ್ಕ. ಆದರೆ ಲೆಕ್ಕದ ಮಳೆ ಹೊಲಕ್ಕೆ ಬೀಳುವುದಿಲ್ಲ; ಬಿದ್ದ ಮಳೆಯೇ ಬೀಳುವುದು. 2022ರ ಆಗಸ್ಟ್ ಕೊನೆಯಲ್ಲಿ ರಾಮನಗರದ ಸುತ್ತ ಕೆರೆಕೋಡಿಗಳು ಉಕ್ಕಿ ಬೆಂಗಳೂರು–ಮೈಸೂರು ಹೆದ್ದಾರಿಯೇ ನೀರಿನಲ್ಲಿ ಮುಳುಗಿತು. ಮರುವರ್ಷ, 2023ರಲ್ಲಿ, ರಾಜ್ಯದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತವೆಂದು ಸಾರಲ್ಪಟ್ಟವು. ಹನ್ನೆರಡೇ ತಿಂಗಳಲ್ಲಿ ಪ್ರಳಯದಿಂದ ಬರಕ್ಕೆ! ಹಿಂದಿನ ವರ್ಷದ ಅನುಭವವನ್ನು ನಂಬಿ ಮುಂದಿನ ವರ್ಷಕ್ಕೆ ಸಿದ್ಧನಾದವನು ಎರಡು ವರ್ಷವೂ ಸೋತನು.

ಧಾರಣೆಯ ಮಾತು ಇದಕ್ಕಿಂತ ಕಠಿಣ. ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆ ಏಷ್ಯಾಖಂಡದಲ್ಲಿಯೇ ಹಿರಿದೆಂದು ಹೆಸರಾದುದು. ಅಷ್ಟು ದೊಡ್ಡ ಮಾರುಕಟ್ಟೆಯ ಪಕ್ಕದಲ್ಲಿದ್ದೂ ನಮ್ಮ ರೈತನ ಧಾರಣೆಯನ್ನು ಕಟ್ಟುವವರು ಬಹುದೂರದಲ್ಲಿದ್ದಾರೆ. 1930ರ ದಶಕದಲ್ಲಿ ಜಪಾನ್, ಚೀನಗಳ ಅಗ್ಗದ ರೇಷ್ಮೆ ಬಂದು ಬಿದ್ದಾಗ ಮೈಸೂರು ಸೀಮೆಯ ಗೂಡು ಕೇಳುವವರಿಲ್ಲದಂತಾಗಿ, 1934ರಲ್ಲಿ ರಕ್ಷಣಾ ಸುಂಕವನ್ನು ವಿಧಿಸಬೇಕಾಯಿತು. ಇದು ಪರರ ಆಳ್ವಿಕೆಯ ಕಾಲದ ಕಥೆಯೆಂದು ಸಮಾಧಾನಪಡುವಂತಿಲ್ಲ. ಸ್ವರಾಜ್ಯ ಬಂದು ಆರು ದಶಕಗಳು ಕಳೆದ ಮೇಲೆ, 2011ರಲ್ಲಿ, ಕೇಂದ್ರ ಸರಕಾರವು ಕಚ್ಚಾ ರೇಷ್ಮೆಯ ಆಮದು ಸುಂಕವನ್ನು ಶೇಕಡ 30ರಿಂದ 5ಕ್ಕೆ ಇಳಿಸಿತು. ಗೂಡಿನ ಬೆಲೆ ಕುಸಿದು ರೈತರು ಬೀದಿಗಿಳಿದರು. ಆ ಸುಂಕವನ್ನು ಮತ್ತೆ ಶೇಕಡ 15ಕ್ಕೆ ಏರಿಸಿದ್ದು 2013ರಲ್ಲಿ. ಆ ಎರಡು ವರ್ಷ ಹುಳುವಿಗೆ ಸೊಪ್ಪು ಹಾಕಿದವನು ಏನು ತಪ್ಪು ಮಾಡಿದ್ದನು? ಮಳೆ ಕೈಕೊಡಲಿಲ್ಲ, ರೋಗ ಬರಲಿಲ್ಲ. ದೆಹಲಿಯ ಒಂದು ಸಾಲು ಅವನ ಬೆಳೆಯನ್ನು ತಿಂದಿತು.

ಇವೆರಡಕ್ಕೂ ಮಿಗಿಲಾದ ಅನಿಶ್ಚಯವೊಂದು ಬೈರಮಂಗಲದ ತಲೆಯ ಮೇಲೆ ತೂಗಿತು. 2025ರ ಮಾರ್ಚ್ ತಿಂಗಳಲ್ಲಿ ಬಿಡದಿಯ ಉಪನಗರಕ್ಕಾಗಿ ಬೈರಮಂಗಲವೂ ಸೇರಿದಂತೆ ಒಂಬತ್ತು ಹಳ್ಳಿಗಳ ಏಳು ಸಾವಿರ ಎಕರೆಗೂ ಮಿಕ್ಕ ಭೂಮಿಯ ಮೇಲೆ ಪ್ರಾಥಮಿಕ ಅಧಿಸೂಚನೆ ಹೊರಟಿತು. ರೈತರು ಧರಣಿ ಕುಳಿತರು. ಉಪನಗರ ಬೇಕೆ ಬೇಡವೆ ಎಂಬ ವಾದಕ್ಕೆ ಇಲ್ಲಿ ಎಡೆಯಿಲ್ಲ. ಆದರೆ ಒಂದು ಮಾತನ್ನು ಹೇಳದೆ ಬಿಡಲಾರೆವು. ಚೆನ್ನಾಗಿ ನೋಡಿಕೊಂಡ ಹಿಪ್ಪುನೇರಳೆ ತೋಟ ಹತ್ತು ಹದಿನೈದು ವರ್ಷ ಸೊಪ್ಪು ಕೊಡುವುದು. ತೆಂಗು ಫಲ ಕೊಡುವುದಕ್ಕೇ ಆರೇಳು ವರ್ಷ ಬೇಕು. ನೆಲ ತನ್ನದಾಗಿ ಉಳಿಯುವುದೋ ಇಲ್ಲವೋ ಎಂದು ಅಳುಕುವವನು ಏನನ್ನು ನೆಡುವನು? ಎರಡು ತಿಂಗಳಿಗೆ ಕೊಯ್ಲಿಗೆ ಬರುವುದನ್ನೇ ನೆಡುವನು. ಹೊಲದ ಭವಿಷ್ಯ ಮೊಟಕಾದಷ್ಟೂ ಬೆಳೆಯ ಆಯ್ಕೆಯೂ ಮೊಟಕಾಗುವುದು. ಸರಕಾರವು ಭೂಮಿಯ ವಿಷಯದಲ್ಲಿ ಹೌದೆನ್ನಲಿ, ಅಲ್ಲವೆನ್ನಲಿ. ಹೇಳುವುದನ್ನು ಬೇಗ ಹೇಳಿ, ಹೇಳಿದ ಮಾತಿಗೆ ನಿಲ್ಲುವುದು ಅದರ ಕನಿಷ್ಠ ಧರ್ಮ.

ಹಾಗಾದರೆ ರೈತನು ಮಾಡಬೇಕಾದುದೇನು? ನಮ್ಮ ಅಭಿಪ್ರಾಯ ಇಷ್ಟೆ: ಮುಂದಾಗುವುದನ್ನು ಊಹಿಸುವ ಪ್ರಯತ್ನವನ್ನು ಬಿಟ್ಟು, ಏನಾದರೂ ತಾಳಿಕೊಳ್ಳುವ ಶಕ್ತಿಯನ್ನು ಸಂಪಾದಿಸಬೇಕು. ತಾಳಿದವನು ಬಾಳಿಯಾನು ಎಂದು ಗಾದೆ. ಆದರೆ ತಾಳುವುದು ಬರಿಯ ಮನೋಗುಣವಲ್ಲ, ಅದೊಂದು ಆಸ್ತಿ. ಬೆಳೆಗಳನ್ನು ಈ ದೃಷ್ಟಿಯಿಂದ ನೋಡಿರಿ. ಎಳೆಯ ಜೋಳವನ್ನು ಕಿತ್ತ ದಿನವೇ ಮಾರಬೇಕು. ಹಾಲು ಹೊತ್ತು ಕಾಯದು. ರೇಷ್ಮೆಗೂಡನ್ನು ಹತ್ತು ಹನ್ನೆರಡು ದಿನ ಇಟ್ಟರೆ ಚಿಟ್ಟೆ ಅದನ್ನು ಕೊರೆದು ಹೊರಬರುವುದು. ರಾಗಿಯಾದರೋ ವರ್ಷಗಟ್ಟಲೆ ಹುಳು ಹಿಡಿಯದೆ ನಿಲ್ಲುವುದು. ಮಾರುವ ಅವಸರ ಯಾರಿಗಿದೆಯೋ ಅವರ ಮಾಲಿಗೆ ಬೆಲೆ ಕಟ್ಟುವವನು ಕೊಳ್ಳುವವನು. ಅವಸರವಿಲ್ಲದವನ ಮಾಲಿಗೆ ಬೆಲೆ ಹೇಳುವವನು ಬೆಳೆದವನು. ಪೇಟೆಯ ಶಾಸ್ತ್ರವೆಲ್ಲ ಈ ಎರಡು ವಾಕ್ಯಗಳಲ್ಲಿ ಅಡಗಿದೆ.

ಈ ಶಾಸ್ತ್ರ ನಮ್ಮ ಹಿರಿಯರಿಗೆ ತಿಳಿಯದುದಲ್ಲ. ರಾಗಿಯ ಹೊಲದಲ್ಲಿ ಅವರೆ, ತೊಗರಿ, ಹುಚ್ಚೆಳ್ಳು, ಸಾಸಿವೆಗಳ ಅಕ್ಕಡಿ ಸಾಲನ್ನು ಇಡುತ್ತಿದ್ದುದು ಚೆಂದಕ್ಕಾಗಿ ಅಲ್ಲ; ಒಂದು ಮಳೆ ತಪ್ಪಿದರೆ ಒಂದು ಬೆಳೆ ಹೋಗಲಿ, ಇನ್ನೊಂದು ಉಳಿಯಲಿ ಎಂದು. ಸುಗ್ಗಿಯ ರಾಗಿಯನ್ನು ಹಗೇವಿಗೆ ಇಳಿಸಿ ಬಾಯಿ ಮುಚ್ಚುತ್ತಿದ್ದುದು ಬರದ ವರ್ಷಕ್ಕೆಂದು. ಅಕ್ಕಡಿ ಹೊಲದ ವಿಮೆ; ಹಗೇವು ಮನೆಯ ಬ್ಯಾಂಕು. ಹಳೆಯದೆಲ್ಲ ಹೊನ್ನೆಂದು ನಾವು ಹೇಳುವುದಿಲ್ಲ. ಮಂಡ್ಯದ ವಿ.ಸಿ. ಫಾರ್ಮಿನಲ್ಲಿ ದುಡಿದು ರಾಗಿ ಬ್ರಹ್ಮನೆನಿಸಿದ ಡಾ. ಲಕ್ಷ್ಮಣಯ್ಯನವರು ಭಾರತದ ರಾಗಿಯನ್ನು ಆಫ್ರಿಕದ ರಾಗಿಯೊಡನೆ ಕೂಡಿಸಿ ಇಂಡಾಫ್ ತಳಿಗಳನ್ನು ಕೊಟ್ಟರು. ಅನಂತರ ಬಂದ ತಳಿಗಳಿಂದ ರೈತನಿಗೆ ಹೊಸದೊಂದು ಅನುಕೂಲ ದೊರೆಯಿತು: ಮಳೆ ಸಕಾಲಕ್ಕೆ ಬಂದರೆ 120 ದಿನಗಳ ಎಂ.ಆರ್. 1, ತಡವಾದರೆ 110–115 ದಿನಗಳ ಜಿ.ಪಿ.ಯು. 28, ಇನ್ನೂ ತಡವಾದರೆ ನೂರು ದಿನಗಳೊಳಗಿನ ಅಲ್ಪಾವಧಿ ತಳಿ. ಬಿತ್ತನೆ ತಪ್ಪಿದರೂ ಪೈರು ಬೆಳೆಸಿಕೊಂಡು ನಾಟಿ ಮಾಡಬಹುದು. ಆದರೆ ಮಳೆ ಬಂದ ಮೇಲೆ ಬೀಜಕ್ಕೆ ಓಡುವವನಿಗೆ ಈ ಆಯ್ಕೆಯಿಲ್ಲ. ಮುಂಗಾರಿಗೆ ಮೊದಲೇ ಎರಡು ಅವಧಿಯ ಬೀಜ ಮನೆಯಲ್ಲಿರಬೇಕು. ಎರಡನೆಯದು ಬಳಕೆಯಾಗದೆ ಹೋದರೆ ಅದು ನಷ್ಟವಲ್ಲ, ಧೈರ್ಯಕ್ಕೆ ಕೊಟ್ಟ ಬೆಲೆ.

ಮೂರೆಕರೆ ಉಳ್ಳವನನ್ನು ಉದಾಹರಣೆಗೆ ತೆಗೆದುಕೊಳ್ಳಿರಿ. ಮೇಲಿನ ಹೊಲದಲ್ಲಿ ಒಂದೆಕರೆ ಅಕ್ಕಡಿ ಸಹಿತ ರಾಗಿ ಇರಲಿ. ಅದು ಕೆರೆಯ ಕೊಳಚೆ ಸೋಕದ ಶುದ್ಧಾನ್ನ. ಒಂದೆಕರೆ ಹಿಪ್ಪುನೇರಳೆ ಇರಲಿ. ವರ್ಷದಲ್ಲಿ ನಾಲ್ಕೈದು ಬೆಳೆ ತೆಗೆಯುವುದರಿಂದ ಒಂದರ ನಷ್ಟವನ್ನು ಇನ್ನೊಂದು ತುಂಬೀತು. ಅರ್ಧ ಎಕರೆ ಮೇವು, ಎರಡು ಹಸು. ವಾರದ ಖರ್ಚಿಗೆ ಹಾಲಿನ ಹಣ. ಉಳಿದ ಅರ್ಧ ಎಕರೆಯಲ್ಲಿ ಮಾತ್ರ ಪೇಟೆಯ ಜೂಜನ್ನು ಆಡಲಿ. ನೆರೆಯವನಿಗೆ ಹೋದ ವರ್ಷ ಲಾಭವಾಯಿತೆಂದು ಮೂರೆಕರೆಗೂ ಒಂದೇ ಬೆಳೆ ಹಾಕುವವನು ಬೇಸಾಯ ಮಾಡುತ್ತಿಲ್ಲ. ಲಾಟರಿ ಚೀಟಿ ಕೊಳ್ಳುತ್ತಿದ್ದಾನೆ.

ರಾಗಿಯಿಂದ ಸಾಲ ತೀರುವುದೆ, ಮಕ್ಕಳ ಶುಲ್ಕ ಕಟ್ಟಲಾಗುವುದೆ ಎಂದು ಕೇಳುವವರಿದ್ದಾರೆ. ಕೇಳಬೇಕಾದ ಪ್ರಶ್ನೆಯೇ. 2025–26ರ ಸಾಲಿಗೆ ರಾಗಿಯ ಬೆಂಬಲ ಬೆಲೆ ಕ್ವಿಂಟಾಲಿಗೆ 4,886 ರೂಪಾಯಿ. ಒಂದೆಕರೆಯ ರಾಗಿ ಯಾರನ್ನೂ ಸಿರಿವಂತನನ್ನಾಗಿ ಮಾಡದು. ಅದರ ಕೆಲಸ ಅದಲ್ಲ. ಮನೆಯಲ್ಲಿ ವರ್ಷದ ಹಿಟ್ಟಿದ್ದರೆ ಗೂಡಿನ ಧಾರಣೆ ಬಿದ್ದ ತಿಂಗಳು ಬಡ್ಡಿಯವನ ಬಾಗಿಲಿಗೆ ಹೋಗಬೇಕಾಗಿಲ್ಲ. ಮುಂಗಡ ಪಡೆದವನು ತನ್ನ ಮಾಲಿನ ಬೆಲೆಯನ್ನು ಬಿತ್ತುವಾಗಲೇ ಪರರಿಗೆ ಒಪ್ಪಿಸಿರುತ್ತಾನೆ. ಅವನಿಗೆ ಯಾವ ಪೇಟೆಯೂ ಪೇಟೆಯಲ್ಲ.

ಆದರೂ ಒಬ್ಬನೇ ಎಷ್ಟು ತಾಳಿಯಾನು? ಇಲ್ಲಿಯೇ ಸಂಘದ ಅಗತ್ಯ. ಇಂದಿನ ಗದಗ ಜಿಲ್ಲೆಯ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಪಾಟೀಲರು ಕೃಷಿಕರ ಸಹಕಾರ ಸಂಘವನ್ನು ಕಟ್ಟಿದಾಗ ಆ ಊರು ಮುಂಬಯಿ ಪ್ರಾಂತದಲ್ಲಿತ್ತು, ಬೈರಮಂಗಲ ಮೈಸೂರು ಸಂಸ್ಥಾನದಲ್ಲಿತ್ತು. 1956ರ ನವೆಂಬರ್ 1ರಂದು ಎರಡೂ ಒಂದೇ ರಾಜ್ಯಕ್ಕೆ ಸೇರಿದವು. ಭೂಪಟದ ಗೆರೆ ಅಳಿಯಿತು. ಆದರೆ ಆ ಊರು ಕಲಿಸಿದ ಪಾಠವನ್ನು ಈ ಊರು ಕಲಿತಿದೆಯೆ? ಹಾಲಿನ ವಿಷಯದಲ್ಲಿ ಕಲಿತಿದೆ. ಬೆಳಗಾಗುವ ಮುನ್ನ ಹಾಲನ್ನು ಅಳೆದು ಸುರಿಯುವ ಹೆಂಗಸಿಗೆ ತನ್ನ ಧಾರಣೆ ಏನೆಂಬುದು ಗೊತ್ತು. ಅದೇ ರೈತ ರಾಗಿಯನ್ನೂ ಎಳೆಯ ಜೋಳವನ್ನೂ ಏಕೆ ಒಂಟಿಯಾಗಿ ಮಾರಬೇಕು? ಊರಿನ ಸಂಘಕ್ಕೊಂದು ಉಗ್ರಾಣವಿರಲಿ. ನೋಂದಾಯಿತ ಉಗ್ರಾಣದ ರಸೀದಿಯ ಮೇಲೆ ಸಾಲ ಪಡೆಯುವುದಕ್ಕೆ 2007ರ ಕಾನೂನು ದಾರಿ ಮಾಡಿಕೊಟ್ಟಿದೆ. ಕಣದಲ್ಲಿಯೇ ಮಾರಬೇಕಾದವನಿಗೆ ಆರು ತಿಂಗಳ ಬಿಡುವು ದೊರೆತರೆ ಅದು ಸಣ್ಣ ಲಾಭವೆ?

ಇನ್ನು ಕಾಗದಪತ್ರದ ಮಾತು. ವಕೀಲಿ ವೃತ್ತಿಯಲ್ಲಿ ನಾವು ಕಂಡುದು ಇದು: ವ್ಯಾಜ್ಯದಲ್ಲಿ ಸೋಲುವವನು ಬಹಳ ಸಲ ಸತ್ಯವಿಲ್ಲದವನಲ್ಲ, ದಾಖಲೆಯಿಲ್ಲದವನು. 2016ರಿಂದ ನಡೆದುಬಂದ ಫಸಲ್ ಬಿಮಾ ಯೋಜನೆಯಲ್ಲಿ ಮುಂಗಾರಿನ ಆಹಾರಧಾನ್ಯಕ್ಕೆ ರೈತನು ಕಟ್ಟುವುದು ವಿಮಾಮೊತ್ತದ ಶೇಕಡ 2. ಆದರೆ ಹೊಲದಲ್ಲಿ ಒಂದು ಬೆಳೆ, ಬೆಳೆ ಸಮೀಕ್ಷೆಯಲ್ಲಿ ಇನ್ನೊಂದು ಇದ್ದರೆ ಆ ಕಂತು ನೀರಿನಲ್ಲಿ ಹೋಮ. ಪರಿಹಾರವನ್ನು ಲೆಕ್ಕಹಾಕುವುದು ಸಾಮಾನ್ಯವಾಗಿ ಗ್ರಾಮ ಪಂಚಾಯಿತಿಯ ಅಥವಾ ಹೋಬಳಿಯ ಸರಾಸರಿ ಇಳುವರಿಯ ಮೇಲೆ. ಆಲಿಕಲ್ಲಿನಂಥ ಸ್ಥಳೀಯ ಹಾನಿಯಾದರೆ 72 ಗಂಟೆಗಳೊಳಗೆ ತಿಳಿಸಬೇಕು. ಇದನ್ನು ಹಾನಿಯಾದ ನಾಲ್ಕನೆಯ ದಿನ ತಿಳಿದು ಪ್ರಯೋಜನವೇನು? ಪಹಣಿ, ಬೆಳೆ ನಮೂದು, ಮಾರಿದ ಚೀಟಿ, ಕಂತಿನ ರಸೀದಿ ಇವನ್ನು ಒಂದು ಕೈಚೀಲದಲ್ಲಿ ಕಟ್ಟಿಡುವುದೂ ಬಿತ್ತನೆಯ ಸಿದ್ಧತೆಯೇ. ನೇಗಿಲು ಹೊಲವನ್ನು ಉಳುವುದು. ಕಾಗದ ಹೊಲವನ್ನು ಉಳಿಸುವುದು.

ಕೊನೆಗೆ, ಈ ಪತ್ರಿಕೆಯನ್ನು ಓದುವ ಪಟ್ಟಣಿಗರಿಗೂ ಉಪಾಧ್ಯಾಯರಿಗೂ ಒಂದು ಬಿನ್ನಹ. ಉಪಾಧ್ಯಾಯರೇ, ನಿಮ್ಮ ಶಾಲೆಯ ಅಂಗಳದಲ್ಲಿ ಒಂದು ಮಳೆಮಾಪಕವನ್ನು ನಿಲ್ಲಿಸಿರಿ. ಆರಿದ್ರೆಗೆ ಎಷ್ಟು ಬಿತ್ತು, ಮಖೆಗೆ ಎಷ್ಟು ಬಿತ್ತು, ಗೂಡಿನ ಧಾರಣೆ ಆ ವಾರ ಎಷ್ಟಿತ್ತು ಎಂಬುದನ್ನು ಮಕ್ಕಳ ಕೈಯಿಂದ ಕನ್ನಡದಲ್ಲಿ ಬರೆಯಿಸಿರಿ. ಹತ್ತು ವರ್ಷಗಳ ಅಂಥ ಪುಸ್ತಕವೊಂದು ಊರಿನಲ್ಲಿದ್ದರೆ ಅದಕ್ಕಿಂತ ಒಳ್ಳೆಯ ಪಂಚಾಂಗವಿಲ್ಲ. ವಿಮೆಯ ನಿಯಮ, ಸಂಘದ ಉಪವಿಧಿ, ಅಧಿಸೂಚನೆಯ ಒಕ್ಕಣೆ ಇವನ್ನು ಓದಿ ಹೇಳುವವರು ಊರಿನಲ್ಲಿ ನೀವಲ್ಲದೆ ಇನ್ನಾರು?

ಪಟ್ಟಣಿಗರೇ, ನಿಮ್ಮ ಮನೆಯ ಬಚ್ಚಲಿನ ನೀರು ಎಲ್ಲಿಗೆ ಹೋಗುವುದೆಂದು ಎಂದಾದರೂ ಯೋಚಿಸಿದ್ದೀರಾ? ನೀವು ಚೆಲ್ಲಿದುದು ಬೈರಮಂಗಲದ ತೂಬಿನಲ್ಲಿ ಹರಿದು, ಹುಲ್ಲಾಗಿ, ಹಾಲಾಗಿ, ನಿಮ್ಮ ತಟ್ಟೆಗೇ ಮರಳುವುದು. ಆ ನೀರಿನಲ್ಲಿ ಬೆಳೆದುದೆಂದು ಮೂಗು ಮುರಿಯುವ ಮುನ್ನ ಅದನ್ನು ಕೆಡಿಸಿದವರು ಯಾರೆಂದು ಕೇಳಿಕೊಳ್ಳುವುದು ನ್ಯಾಯ. ಹರಿದು ಹಂಚಿಹೋಗಿದ್ದ ಕನ್ನಡನಾಡು ಒಂದಾಗಲೆಂದು ನಮ್ಮ ಹಿರಿಯರು ಹೋರಾಡಿದರು, ನಾಡು ಒಂದಾಯಿತು. ನಗರವೂ ಹಳ್ಳಿಯೂ ಒಂದಾಗುವ ಏಕೀಕರಣ ಇನ್ನೂ ಉಳಿದಿದೆ. ಒಂದೇ ನದಿಯ ಮೇಲುದಂಡೆಯವರು ಕೆಳದಂಡೆಯವರನ್ನು ತಮ್ಮವರೆಂದು ಬಗೆಯದಿದ್ದರೆ ಭೂಪಟದ ಒಗ್ಗಟ್ಟಿನಿಂದ ಫಲವೇನು? ರೈತನು ಮಳೆಯನ್ನು ತಾಳಿಯಾನು, ಬಿಸಿಲನ್ನು ತಾಳಿಯಾನು, ಒಂದು ವರ್ಷದ ಧಾರಣೆಯನ್ನೂ ತಾಳಿಯಾನು. ನಮ್ಮ ಅಲಕ್ಷ್ಯವನ್ನು ಅವನು ಎಷ್ಟು ದಿನ ತಾಳಬೇಕು?