ಮಿಟುಕದ ಬೆಳಕು

ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಇವು ಚಿಕ್ಕಮಗಳೂರು ಜಿಲ್ಲೆಯ ಮಲೆನಾಡಿನ ಮೂರು ತಾಲ್ಲೂಕುಗಳು. ಶೃಂಗೇರಿಯ ಮಗ್ಗುಲಲ್ಲಿ ತುಂಗೆ ಹರಿಯುತ್ತಾಳೆ. ಭದ್ರಾ ಜಲಾಶಯದ ಹಿನ್ನೀರು ನರಸಿಂಹರಾಜಪುರದ ಸೆರಗನ್ನು ತೊಳೆಯುತ್ತದೆ. ಇಲ್ಲಿ ಆಷಾಢದ ಗಾಳಿಗೆ ಮರವೊಂದು ವಿದ್ಯುತ್ ತಂತಿಯ ಮೇಲೆ ಉರುಳಿತೆಂದರೆ, ಅಡಕೆ ತೋಟಗಳ ನಡುವಣ ಒಂಟಿ ಮನೆಗಳಲ್ಲಿ ದೀಪ ಆರುತ್ತದೆ. ಹಿಂದೆ ಇಂತಹ ರಾತ್ರಿಗಳಲ್ಲಿ ಓದುವ ಮಕ್ಕಳಿಗೆ ಸೀಮೆಎಣ್ಣೆಯ ದೀಪವೇ ಗತಿಯಾಗಿತ್ತು. ಗಾಳಿಗೆ ಕುಡಿ ನಡುಗಿದರೆ ಪುಟದ ಮೇಲಿನ ಅಕ್ಷರಗಳೂ ನಡುಗುತ್ತಿದ್ದವು. ಆಗ ಹಿರಿಯರು ಮೊದಲು ಮಾಡುತ್ತಿದ್ದ ಕೆಲಸ ಬತ್ತಿಯನ್ನು ಏರಿಸುವುದಲ್ಲ, ಲಾಂದ್ರದ ಗಾಜನ್ನು ಒರೆಸಿ ಕುಡಿಗೆ ಮರೆಮಾಡುವುದು. ಬೆಳಕು ಎಷ್ಟಿದೆ ಎಂಬುದರಷ್ಟೇ ಅದು ಎಷ್ಟು ನಿಶ್ಚಲವಾಗಿದೆ ಎಂಬುದೂ ಕಣ್ಣಿಗೆ ಮುಖ್ಯವೆಂದು ಅವರು ಅನುಭವದಿಂದ ಅರಿತಿದ್ದರು.

ಇಂದು ಅದೇ ಕತ್ತಲೆಯಲ್ಲಿ ವಿದ್ಯಾರ್ಥಿಯ ಕೈಯಲ್ಲಿರುವುದು ಮೊಬೈಲ್ ಫೋನು. 2020ರಲ್ಲಿ ಕೋವಿಡ್ ಕಾರಣದಿಂದ ಶಾಲೆಗಳು ಮುಚ್ಚಿದಾಗ ಪಾಠವೇ ಅದರೊಳಕ್ಕೆ ಬಂದಿತು. ಕರೆಂಟಿಲ್ಲದ ರಾತ್ರಿ ಬ್ಯಾಟರಿ ಬೆಳಗಿನವರೆಗೆ ಉಳಿಯಬೇಕಾದರೆ ಪರದೆಯ ಪ್ರಕಾಶವನ್ನು ಕನಿಷ್ಠಕ್ಕೆ ಇಳಿಸುವುದು ವಾಡಿಕೆ. ವಿದ್ಯುತ್ತೂ ಉಳಿಯಿತು, ಕಣ್ಣಿಗೂ ತಂಪಾಯಿತು ಎಂದು ಮನೆಯವರು ನೆಮ್ಮದಿಪಡುತ್ತಾರೆ. ಮೊದಲನೆಯ ಮಾತು ನಿಜ. ಎರಡನೆಯದು ಎಲ್ಲ ಪರದೆಗಳಿಗೂ ಸಲ್ಲುವ ಮಾತಲ್ಲ.

ಈಗಿನ ಅನೇಕ ಫೋನುಗಳ ಪರದೆ ಓಎಲ್‌ಇಡಿ ಎಂಬ ಬಗೆಯದು. 1987ರಲ್ಲಿ ಅಮೆರಿಕದ ಈಸ್ಟ್‌ಮನ್ ಕೊಡಾಕ್ ಸಂಸ್ಥೆಯ ಚಿಂಗ್ ಟ್ಯಾಂಗ್ ಮತ್ತು ಸ್ಟೀವನ್ ವ್ಯಾನ್ ಸ್ಲೈಕ್ ಎಂಬ ವಿಜ್ಞಾನಿಗಳು, ತೆಳುವಾದ ಸಾವಯವ ಪದರಗಳು ಅಲ್ಪ ವೋಲ್ಟೇಜಿನಲ್ಲಿಯೇ ಬೆಳಗುವಂತೆ ಮಾಡಿ ಈ ವಿದ್ಯೆಗೆ ತಳಹದಿ ಹಾಕಿದರು. ಇಂತಹ ಪರದೆಗೆ ಹಿಂಬದಿಯ ದೀಪ ಬೇಕಿಲ್ಲ. ಪ್ರತಿಯೊಂದು ಚುಕ್ಕೆಯೂ ತಾನೇ ಒಂದು ಹಣತೆ. ಕಪ್ಪು ಕಾಣಬೇಕಾದಲ್ಲಿ ಹಣತೆ ಆರಿರುತ್ತದೆ, ಅಷ್ಟು ವಿದ್ಯುತ್ತು ಉಳಿಯುತ್ತದೆ.

ಆದರೆ ಈ ಹಣತೆಗಳ ಬೆಳಕನ್ನು ತಗ್ಗಿಸುವಾಗ ತೊಡಕು ಹುಟ್ಟುತ್ತದೆ. ವಿದ್ಯುತ್ ಪ್ರವಾಹವನ್ನೇ ತೀರ ಕಡಿಮೆ ಮಾಡಿದರೆ ಚುಕ್ಕೆಗಳ ನಡುವಣ ಸಣ್ಣ ವ್ಯತ್ಯಾಸಗಳು ಎದ್ದು ಕಂಡು ಪರದೆ ಕಲೆಕಲೆಯಾಗುತ್ತದೆ, ಬಣ್ಣ ಕೆಡುತ್ತದೆ. ಆದ್ದರಿಂದ ತಯಾರಕರು ಒಂದು ಉಪಾಯ ಹೂಡಿದರು. ಬೆಳಕನ್ನು ತಗ್ಗಿಸುವ ಬದಲು ಅದನ್ನು ಕತ್ತರಿಸುವುದೇ ಆ ಉಪಾಯ. ಅನೇಕ ಫೋನುಗಳಲ್ಲಿ ಚುಕ್ಕೆಗಳು ಸೆಕೆಂಡಿಗೆ 240 ಸಲ ಹೊತ್ತಿ ಆರುತ್ತವೆ. ಹೊತ್ತಿರುವ ಕಾಲ ಕಡಿಮೆಯಾದಷ್ಟೂ ಪರದೆ ಮಂಕಾಗಿ ತೋರುತ್ತದೆ. ಹೀಗೆ, ಮಂದವಾದ ಬೆಳಕೇ ಹೆಚ್ಚು ತುಂಡಾದ ಬೆಳಕು. ಬ್ಯಾಟರಿಯನ್ನು ಉಳಿಸಲೆಂದು ಪ್ರಕಾಶ ಇಳಿಸಿ ಕತ್ತಲೆಯಲ್ಲಿ ಓದುವ ಮಗುವಿಗೇ ಅತಿ ಹೆಚ್ಚಿನ ಮಿಟುಕುವಿಕೆ ಪಾಲಿಗೆ ಬರುತ್ತದೆ.

ಅಷ್ಟು ವೇಗದ ಮಿಟುಕು ಕಣ್ಣಿಗೆ ಕಾಣುವುದೇ ಇಲ್ಲವಲ್ಲ, ಕಾಣದುದರಿಂದ ತೊಂದರೆಯೇನು ಎಂದು ಕೆಲವರು ವಾದಿಸಬಹುದು. ಈ ಪ್ರಶ್ನೆಗೆ ಹಳೆಯದೊಂದು ಪ್ರಯೋಗ ದಾರಿ ತೋರಿಸುತ್ತದೆ. 1989ರಲ್ಲಿ ಬ್ರಿಟನ್ನಿನ ಆರ್ನಾಲ್ಡ್ ವಿಲ್ಕಿನ್ಸ್ ಮತ್ತು ಸಂಗಡಿಗರು ಕಚೇರಿಯೊಂದರ ಟ್ಯೂಬ್‌ಲೈಟುಗಳನ್ನು ಪರೀಕ್ಷಿಸಿದರು. ಸೆಕೆಂಡಿಗೆ 100 ಸಲ ಮಿಟುಕುವ ದೀಪಗಳ ಬದಲು ಸಾವಿರಾರು ಸಲದ ವೇಗವುಳ್ಳ ವ್ಯವಸ್ಥೆಯನ್ನು ಅಳವಡಿಸಿದಾಗ, ತಲೆನೋವು ಮತ್ತು ಕಣ್ಣಿನ ಆಯಾಸದ ದೂರುಗಳು ಸರಾಸರಿಯಲ್ಲಿ ಅರ್ಧಕ್ಕಿಂತಲೂ ಕೆಳಗಿಳಿದವು. ಕಾಣದ ಮಿಟುಕೂ ಕಾಡಬಲ್ಲದು ಎಂಬುದು ಇದರ ತಾತ್ಪರ್ಯ. ಈ ಪ್ರಯೋಗ ಟ್ಯೂಬ್‌ಲೈಟಿಗೆ ಸಂಬಂಧಿಸಿದ್ದು, ಫೋನಿಗಲ್ಲ. ಎಲ್ಲರ ಕಣ್ಣೂ ಒಂದೇ ತೆರನಾಗಿ ಬಳಲುವುದೂ ಇಲ್ಲ. ಹಾಗೆಂದು ಬಳಲುವವರ ದೂರನ್ನು ಭ್ರಮೆಯೆಂದು ತಳ್ಳಿಹಾಕುವುದು ನ್ಯಾಯವಲ್ಲ.

ಅನುಮಾನವಿದ್ದವರು ಸ್ವತಃ ಪರೀಕ್ಷಿಸಬಹುದು. ಕತ್ತಲೆಯ ಕೋಣೆಯಲ್ಲಿ ಬಿಳಿಯ ಪರದೆಯ ಪ್ರಕಾಶವನ್ನು ಇಳಿಸಿ, ಅದರ ಮುಂದೆ ಒಂದು ಪೆನ್ಸಿಲನ್ನು ವೇಗವಾಗಿ ಅತ್ತಿತ್ತ ಬೀಸಬೇಕು. ಬೆಳಕು ಅಖಂಡವಾಗಿದ್ದರೆ ಪೆನ್ಸಿಲು ಮಸುಕಾದ ಬೀಸಣಿಗೆಯಂತೆ ತೋರುತ್ತದೆ. ಬೆಳಕು ತುಂಡುತುಂಡಾಗಿದ್ದರೆ ಬೇರೆಬೇರೆಯಾಗಿ ನಿಂತ ಹಲವು ಪೆನ್ಸಿಲುಗಳ ಸಾಲು ಕಾಣುತ್ತದೆ.

ಹಾಗಾದರೆ ಉಳಿತಾಯವನ್ನು ಕೈಬಿಡಬೇಕೆ? ಬೇಕಾಗಿಲ್ಲ. ಉಳಿತಾಯವೂ ನಿಶ್ಚಲತೆಯೂ ಒಟ್ಟಿಗೆ ಬಾಳಬಲ್ಲವು ಎಂಬುದಕ್ಕೆ ನಿದರ್ಶನವಿದೆ. ಚಿತ್ರ ಬದಲಾಗದೆ ಇರುವಾಗ ಪರದೆಯನ್ನು ಸೆಕೆಂಡಿಗೆ 60 ಸಲ ಹೊಸದುಮಾಡುವುದು ವ್ಯರ್ಥ; ಒಂದು ಸಲವೇ ಸಾಕು. ಆದರೆ ಪ್ರತಿ ಚುಕ್ಕೆಯ ಹಿಂದೆ ವಿದ್ಯುತ್ತನ್ನು ಹಿಡಿದಿಡುವ ಪುಟ್ಟ ಕೊಡವೊಂದಿದೆ. ಹಳೆಯ ಬಗೆಯ ಟ್ರಾನ್ಸಿಸ್ಟರುಗಳಲ್ಲಿ ಆ ಕೊಡ ಸೋರುತ್ತದೆ. ಮತ್ತೆ ತುಂಬುವುದು ತಡವಾದರೆ ಬೆಳಕು ಇಳಿದು, ತುಂಬಿದೊಡನೆ ಏರಿ, ಪರದೆ ಮಿಟುಕುತ್ತದೆ. ಎಂಜಿನಿಯರುಗಳು ಸೋರಿಕೆ ಬಹಳ ಕಡಿಮೆಯಿರುವ ಆಕ್ಸೈಡ್ ಟ್ರಾನ್ಸಿಸ್ಟರುಗಳನ್ನು ಅಲ್ಲಿ ಕೂಡಿಸಿದರು. 2019ರಲ್ಲಿ ಬಂದ ಆಪಲ್ ಕೈಗಡಿಯಾರದ ಪರದೆ ಸೆಕೆಂಡಿಗೆ ಒಂದೇ ಸಲ ಹೊಸದಾಗುತ್ತಲೂ ಸದಾ ಬೆಳಗಿರಲು ಸಮರ್ಥವಾಯಿತು. ಕೊಡದ ಸೋರಿಕೆ ನಿಂತಾಗ ನೀರೂ ಉಳಿಯಿತು, ಹೊರುವ ಶ್ರಮವೂ ತಪ್ಪಿತು.

ಪ್ರಕಾಶ ತಗ್ಗಿಸುವ ವಿಧಾನದಲ್ಲಿಯೂ ಸುಧಾರಣೆ ಕಂಡಿದೆ. ಕೆಲವು ಫೋನುಗಳು ಸೆಕೆಂಡಿಗೆ 1920 ಅಥವಾ 3840 ಸಲದ ವೇಗವನ್ನು ಬಳಸುತ್ತವೆ. ಕೆಲವು ಬೆಳಕನ್ನು ಕತ್ತರಿಸದೆ ಪ್ರವಾಹವನ್ನೇ ತಗ್ಗಿಸುವ ಆಯ್ಕೆಯನ್ನು ನೀಡುತ್ತವೆ. ಇದಕ್ಕೆ ತುಸು ಹೆಚ್ಚಿನ ವಿದ್ಯುತ್ತೋ ಶ್ರಮವೋ ತಗಲಬಹುದು. ಆ ಬೆಲೆ ತೆರತಕ್ಕದ್ದೇ. ಬ್ಯಾಟರಿಯ ಖಾತೆಯಲ್ಲಿ ಉಳಿಸಿದುದನ್ನು ಕಣ್ಣಿನ ಖಾತೆಯಿಂದ ಕಳೆಯುವುದು ಉಳಿತಾಯವೆನಿಸದು, ಅದು ಸಾಲ.

ಬ್ಯಾಟರಿಯ ಶಕ್ತಿಯನ್ನೂ ಕ್ಯಾಮರಾದ ಹಿರಿಮೆಯನ್ನೂ ಪೆಟ್ಟಿಗೆಯ ಮೇಲೆ ದಪ್ಪಕ್ಷರದಲ್ಲಿ ಅಚ್ಚುಹಾಕುವ ತಯಾರಕರು, ಕನಿಷ್ಠ ಪ್ರಕಾಶದಲ್ಲಿ ಪರದೆ ಎಷ್ಟು ಮಿಟುಕುತ್ತದೆ ಎಂಬುದನ್ನೂ ಅಲ್ಲಿಯೇ ನಮೂದಿಸಬೇಕು. ಅತಿ ಅಗ್ಗದ ಫೋನಿಗೂ ಈ ನಿಯಮ ಅನ್ವಯಿಸಬೇಕು. ಬಡವನ ಕಣ್ಣು ಸಿರಿವಂತನ ಕಣ್ಣಿಗಿಂತ ಗಟ್ಟಿಯಾಗಿ ಹುಟ್ಟಿಲ್ಲ. ಅಂಥ ದಿನ ಬರುವವರೆಗೆ ಓದುವವರು ಪ್ರಕಾಶವನ್ನು ತೀರ ಇಳಿಸದೆ, ಕೋಣೆಯಲ್ಲಿ ಇನ್ನೊಂದು ಸ್ಥಿರವಾದ ದೀಪವಿರಿಸಿಕೊಂಡು, ಆಗಾಗ ಕಣ್ಣಿಗೆ ಬಿಡುವು ಕೊಡುವುದು ಲೇಸು. ಅಚ್ಚಾದ ಪುಸ್ತಕವಿದ್ದರೆ ಅದನ್ನೇ ತೆರೆಯುವುದು ಇನ್ನೂ ಲೇಸು.

ಲಾಂದ್ರಕ್ಕೆ ಗಾಜು ತೊಡಿಸಿದವರು ಎಣ್ಣೆಯನ್ನು ಉಳಿಸುವುದನ್ನೂ ಬಲ್ಲವರಾಗಿದ್ದರು. ಆದರೆ ಎಣ್ಣೆ ಉಳಿಯಲೆಂದು ಗಾಜನ್ನು ತೆಗೆದಿಟ್ಟವರಲ್ಲ. ಹೊಸ ಹಣತೆಗಳನ್ನು ಮಾಡುವವರು ಅವರಿಂದ ಕಲಿಯಬೇಕಾದುದು ಇಷ್ಟೇ.