ಮುಂಡಗೋಡದ ಎರಡು ಮತಪೆಟ್ಟಿಗೆ: ಅಭ್ಯರ್ಥಿಯನ್ನು ಆರಿಸುವವರು ಯಾರು?

ಮುಂಡಗೋಡ: ಉತ್ತರ ಕನ್ನಡ ಜಿಲ್ಲೆಯ ಅರೆಮಲೆನಾಡಿನ ಈ ಪುಟ್ಟ ತಾಲ್ಲೂಕಿನಲ್ಲಿ ಎರಡು ಬಗೆಯ ಚುನಾವಣೆಗಳು ನಡೆಯುತ್ತವೆ. ಒಂದು, ಭಾರತದ ಚುನಾವಣಾ ಆಯೋಗ ನಡೆಸುವ ಯಲ್ಲಾಪುರ ವಿಧಾನಸಭಾ ಕ್ಷೇತ್ರದ ಚುನಾವಣೆ. ಮುಂಡಗೋಡ ತಾಲ್ಲೂಕು ಆ ಕ್ಷೇತ್ರಕ್ಕೆ ಸೇರಿದ್ದು. ಇನ್ನೊಂದು, ಪಟ್ಟಣದಿಂದ ಕೆಲವೇ ಕಿಲೋಮೀಟರ್ ದೂರದ ಟಿಬೆಟಿಯನ್ ಕಾಲೊನಿಯೊಳಗೆ ನಡೆಯುವ, ಧರ್ಮಶಾಲಾದಲ್ಲಿರುವ ಟಿಬೆಟ್ ಆಡಳಿತದ ಮುಖ್ಯಸ್ಥನನ್ನು ಆರಿಸುವ ಚುನಾವಣೆ. ಮೊದಲನೆಯದು ರಾಜ್ಯದ ಪತ್ರಿಕೆಗಳ ಮುಖಪುಟಕ್ಕೆ ಬರುತ್ತದೆ. ಎರಡನೆಯದು ಹೆಚ್ಚೆಂದರೆ ಜಿಲ್ಲಾ ಪುಟದ ಮೂಲೆಯಲ್ಲಿ ಒಂದು ಛಾಯಾಚಿತ್ರಕ್ಕೆ ಮುಗಿಯುತ್ತದೆ. ಆದರೆ ಅಭ್ಯರ್ಥಿಯನ್ನು ಯಾರು ಆರಿಸಬೇಕು ಎಂಬ ಪ್ರಶ್ನೆಗೆ ಈ ಎರಡು ಚುನಾವಣೆಗಳು ನೀಡುವ ಉತ್ತರ ಬೇರೆ ಬೇರೆ. ದೇಶವಿಲ್ಲದ ನಿರಾಶ್ರಿತರಿಗೆ ಇರುವ ಒಂದು ಹಕ್ಕು ಅವರ ಪಕ್ಕದ ಹೊಲದ ರೈತನಿಗೆ ಇಲ್ಲ ಎಂಬುದು ಇದರಲ್ಲಿನ ಸ್ವಾರಸ್ಯ.

ಅಮೆರಿಕದಲ್ಲಿ ರಾಜ್ಯದ ಗವರ್ನರ್ ಚುನಾಯಿತ ವ್ಯಕ್ತಿ. ನಮ್ಮ ರಾಜ್ಯಪಾಲರಂತೆ ರಾಷ್ಟ್ರಪತಿಯ ಅಂಕಿತದಿಂದ ಬಂದವನಲ್ಲ. ಅಧಿಕಾರದಲ್ಲಿರುವ ಗವರ್ನರ್ ಎರಡನೇ ಬಾರಿಗೆ ಸ್ಪರ್ಧಿಸಬೇಕಾದರೂ ಮೊದಲು ತನ್ನ ಪಕ್ಷದ ಮತದಾರರ ಮುಂದೆ ಪ್ರಾಥಮಿಕ ಚುನಾವಣೆಯಲ್ಲಿ ನಿಲ್ಲಬೇಕು. 20ನೇ ಶತಮಾನದ ಆರಂಭದಲ್ಲಿ ವಿಸ್ಕಾನ್ಸಿನ್‌ನಂಥ ರಾಜ್ಯಗಳು ಪಕ್ಷದ ಧಣಿಗಳ ಹಿಡಿತ ತಪ್ಪಿಸಲೆಂದೇ ಈ ಕ್ರಮವನ್ನು ಕಾನೂನಾಗಿಸಿದವು. ಭಾರತದ ಯಾವ ಕಾನೂನಿನಲ್ಲಿಯೂ ಇಂಥ ಏರ್ಪಾಡಿಲ್ಲ. ಇಲ್ಲಿ 'ಟಿಕೆಟ್' ಎಂಬುದು ಪಕ್ಷದ ವರಿಷ್ಠರು ದಯಪಾಲಿಸುವ ವಸ್ತು. ಇದಕ್ಕೆ ಹತ್ತಿರದ ಏರ್ಪಾಡು ಕರ್ನಾಟಕದ ನೆಲದಲ್ಲಿಯೇ ಎಲ್ಲಾದರೂ ಇದೆಯೇ ಎಂದು ಹುಡುಕಿದರೆ ಸಿಗುವುದು ಮುಂಡಗೋಡದ ಕಾಲೊನಿ.

ಮೈಸೂರು ರಾಜ್ಯ ಸರ್ಕಾರ ನೀಡಿದ ಸುಮಾರು 4 ಸಾವಿರ ಎಕರೆ ಭೂಮಿಯಲ್ಲಿ 1966ರಲ್ಲಿ ನೆಲೆಗೊಂಡ ಈ ವಸಾಹತಿನ ಹೆಸರು ದೋಗುಲಿಂಗ್. ಲ್ಹಾಸಾದ ಸುತ್ತಮುತ್ತ ಇದ್ದ ಗಾದೆನ್ ಮತ್ತು ಡ್ರೆಪುಂಗ್ ಮಹಾವಿಹಾರಗಳು ಇಲ್ಲಿ ಮರುಹುಟ್ಟು ಪಡೆದವು. ಸಾವಿರಾರು ಭಿಕ್ಷುಗಳಿರುವುದರಿಂದ ಟಿಬೆಟಿಯನ್ನರ ಚುನಾವಣೆಯಲ್ಲಿ ಮುಂಡಗೋಡ ಲಘುವಾಗಿ ಪರಿಗಣಿಸುವ ಮತಗಟ್ಟೆಯಲ್ಲ. ಧರ್ಮಶಾಲಾದ ಗದ್ದುಗೆಯ ಕನಸು ಕಾಣುವವರು ಇಲ್ಲಿಗೂ, ಬೈಲಕುಪ್ಪೆಗೂ ಬಂದು ಭಾಷಣ ಮಾಡಲೇಬೇಕು.

ಈ ಚುನಾವಣೆಗೆ ಬಹಳ ಹಳೆಯ ಇತಿಹಾಸವಿಲ್ಲ. ಆಡಳಿತದ ಮುಖ್ಯಸ್ಥನನ್ನು ಜನರೇ ನೇರವಾಗಿ ಆರಿಸುವ ಪದ್ಧತಿ ಬಂದದ್ದು 2001ರಲ್ಲಿ. ಆಗ ಆಯ್ಕೆಯಾದ ಸಾಮ್ಧಾಂಗ್ ರಿಂಪೋಚೆ 2006ರಲ್ಲಿ ಮರು ಆಯ್ಕೆಗೊಂಡರು. ಅದು ಹೆಸರಿಗೆ ಸ್ಪರ್ಧೆ. ಶೇಕಡಾ 90ರಷ್ಟು ಮತ ಒಬ್ಬರಿಗೇ ಬಿದ್ದರೆ ಅದನ್ನು ಭಕ್ತಿ ಎನ್ನಬಹುದೇ ಹೊರತು ಪೈಪೋಟಿ ಎನ್ನಲಾಗದು. ನಿಜವಾದ ರಾಜಕೀಯ ಆರಂಭವಾದದ್ದು 2011ರಲ್ಲಿ. ಆ ವರ್ಷ ದಲೈ ಲಾಮಾ ತಮ್ಮ ರಾಜಕೀಯ ಅಧಿಕಾರವನ್ನು ಬಿಟ್ಟುಕೊಟ್ಟರು. ಹಾರ್ವರ್ಡ್‌ನಲ್ಲಿ ಕಾನೂನು ಓದಿದ್ದ ಲೋಬ್ಸಾಂಗ್ ಸಾಂಗೇ ಶೇಕಡಾ 55ರಷ್ಟು ಮತ ಪಡೆದು ಗೆದ್ದರು. ಮರುವರ್ಷ ಹುದ್ದೆಯ ಹೆಸರು ಸಿಕ್ಯೋಂಗ್ ಎಂದಾಯಿತು. ಅವಧಿ ಐದು ವರ್ಷ. ಸತತವಾಗಿ ಎರಡಕ್ಕಿಂತ ಹೆಚ್ಚು ಬಾರಿ ಇರುವಂತಿಲ್ಲ.

ವಿಧಾನ ಹೀಗಿದೆ. ಮೊದಲ ಸುತ್ತಿನಲ್ಲಿ ಮತಪತ್ರದ ಮೇಲೆ ಯಾರ ಹೆಸರೂ ಮುದ್ರಿತವಾಗಿರುವುದಿಲ್ಲ. 18 ವರ್ಷ ತುಂಬಿದ, 'ಹಸಿರು ಪುಸ್ತಕ'ದಲ್ಲಿ ಸ್ವಯಂ ತೆರಿಗೆಯ ಬಾಕಿ ಇಲ್ಲದ ಮತದಾರ ತನಗೆ ಯೋಗ್ಯನೆಂದು ಕಂಡವನ ಹೆಸರನ್ನು ತಾನೇ ಬರೆಯುತ್ತಾನೆ. ಹೆಚ್ಚು ಮತ ಪಡೆದವರು ಅಂತಿಮ ಸುತ್ತಿಗೆ ಬರುತ್ತಾರೆ. ಪಕ್ಷವಿಲ್ಲ, ಚಿಹ್ನೆಯಿಲ್ಲ, 'ಬಿ ಫಾರಂ' ಇಲ್ಲ. ಬಿ ಫಾರಂ ಹಿಡಿದು ಕೊನೆಯ ಗಳಿಗೆಯಲ್ಲಿ ಓಡುವ ದೃಶ್ಯವನ್ನು ಪ್ರತಿ ಚುನಾವಣೆಯಲ್ಲಿಯೂ ನೋಡುವ ಕನ್ನಡಿಗನಿಗೆ ಇದು ಬೇರೆಯೇ ಲೋಕದ ಮಾತಿನಂತೆ ಕೇಳಿಸೀತು.

ಹಾಲಿ ಮುಖ್ಯಸ್ಥನಿಗೆ ಈ ಮೊದಲ ಸುತ್ತು ಎಂಥ ಪರೀಕ್ಷೆ ಎಂಬುದು ತಿಳಿಯಲು ಸಾಂಗೇ ಅವರ ಮರು ಆಯ್ಕೆಯ ಅಂಕಿಗಳನ್ನು ನೋಡಬೇಕು. 2015ರ ಅಕ್ಟೋಬರ್ 18ರಂದು ನಡೆದ ಪ್ರಾಥಮಿಕ ಸುತ್ತಿನಲ್ಲಿ ಅವರಿಗೆ 30,508 ಮತಗಳು ಬಂದವು. ಎರಡನೆಯವರಾದ ಪೆನ್ಪಾ ತ್ಸೆರಿಂಗ್‌ಗೆ 10,732. ಹೆಚ್ಚುಕಡಿಮೆ ಮೂರು ಪಟ್ಟು ಅಂತರ. 2016ರ ಮಾರ್ಚ್ 20ರ ಅಂತಿಮ ಸುತ್ತಿನಲ್ಲಿ ಸಾಂಗೇ 33,876 ಮತ ಪಡೆದು ಗೆದ್ದರು ನಿಜ. ಆದರೆ ಪೆನ್ಪಾ ತ್ಸೆರಿಂಗ್ 24,864ಕ್ಕೆ ಏರಿದ್ದರು! ಐದು ತಿಂಗಳಲ್ಲಿ ಹಾಲಿ ಸಿಕ್ಯೋಂಗ್‌ಗೆ ಹೊಸದಾಗಿ ಕೂಡಿದ್ದು 3,368 ಮತ, ಎದುರಾಳಿಗೆ 14,132. ಅಧಿಕಾರದಲ್ಲಿರುವವನ ಬೆಂಬಲಿಗರು ಮೊದಲ ಸುತ್ತಿನಲ್ಲಿಯೇ ಬಹುತೇಕ ಬಂದುಬಿಟ್ಟಿರುತ್ತಾರೆ. ಉಳಿದವರು ಬೇರೆ ಬೇರೆ ಹೆಸರುಗಳಲ್ಲಿ ಹಂಚಿಹೋಗಿದ್ದು, ಕಣದಲ್ಲಿ ಒಬ್ಬನೇ ಎದುರಾಳಿ ಉಳಿದಾಗ ಅವನ ಸುತ್ತ ಕೂಡುತ್ತಾರೆ ಎಂದೇ ಇದನ್ನು ಓದಬೇಕಾಗುತ್ತದೆ. 2021ರಲ್ಲಿಯೂ ಆದದ್ದು ಹೀಗೆಯೇ. ಮೊದಲ ಸುತ್ತಿನಲ್ಲಿ ಪೆನ್ಪಾ ತ್ಸೆರಿಂಗ್ 24,488, ಕೆಲ್ಸಾಂಗ್ ದೋರ್ಜೆ 14,544. ಕೊನೆಗೆ 34,324 ಮತ್ತು 28,907. ಮುಂದಿದ್ದವನೇ ಗೆದ್ದ, ಆದರೆ ಅಂತರ ಸುಮಾರು ಅರ್ಧಕ್ಕೆ ಇಳಿಯಿತು. ಅದಕ್ಕಿಂತ ಮಹತ್ವದ್ದು ಮತದಾನದ ಪ್ರಮಾಣ: 83,080 ನೋಂದಾಯಿತರಲ್ಲಿ 63,991 ಮಂದಿ, ಶೇಕಡಾ 77.

ಸೋತವನ ಗತಿಯೂ ಗಮನಾರ್ಹ. ಬೈಲಕುಪ್ಪೆಯಲ್ಲಿ ಹುಟ್ಟಿ, ಅಲ್ಲಿಯೇ ಶಾಲೆ ಕಲಿತ, ಕರ್ನಾಟಕದ ಮಣ್ಣಿನ ಮಗನೆನ್ನಬಹುದಾದ ಪೆನ್ಪಾ ತ್ಸೆರಿಂಗ್ 2016ರ ಸೋಲಿನ ನಂತರ ಗೆದ್ದವರ ಆಡಳಿತದಲ್ಲಿಯೇ ವಾಷಿಂಗ್ಟನ್‌ನ ಪ್ರತಿನಿಧಿಯಾದರು. 2017ರಲ್ಲಿ ಅವರನ್ನು ಆ ಸ್ಥಾನದಿಂದ ತೆಗೆಯಲಾಯಿತು. ಅವರು ಟಿಬೆಟಿಯನ್ನರ ನ್ಯಾಯ ಆಯೋಗದ ಮೆಟ್ಟಿಲೇರಿದರು, 2019ರಲ್ಲಿ ತೀರ್ಪು ಅವರ ಪರವಾಗಿ ಬಂತು, 2021ರಲ್ಲಿ ಮತದಾರ ಅವರನ್ನು ಗದ್ದುಗೆಗೇರಿಸಿದ. ಜಿಗಿಯಲು ಬೇರೆ ಪಕ್ಷವೇ ಇರಲಿಲ್ಲವಾದ್ದರಿಂದ ಕಾಯುವುದೊಂದೇ ದಾರಿಯಾಗಿತ್ತು ಎಂದು ಕುಹಕವಾಡಬಹುದು. ಆದರೂ ಕಾದರು.

ಹಾಗೆಂದು ಈ ಪದ್ಧತಿಯನ್ನು ಹೊಗಳಿ ಅಟ್ಟಕ್ಕೇರಿಸುವ ಅಗತ್ಯವಿಲ್ಲ. 2016ರಲ್ಲಿ ಪೂರ್ಣ ಸ್ವಾತಂತ್ರ್ಯವನ್ನೇ ಪ್ರತಿಪಾದಿಸುತ್ತಿದ್ದ ಲೂಕಾರ್ ಜಾಮ್ ಎಂಬ ಮಾಜಿ ರಾಜಕೀಯ ಕೈದಿ ಅಂತಿಮ ಕಣಕ್ಕೆ ಬರಲಿಲ್ಲ. ಇಬ್ಬರನ್ನೇ ಉಳಿಸಿಕೊಂಡ ಆಯೋಗದ ಕ್ರಮ ತೀವ್ರ ಟೀಕೆಗೆ ಗುರಿಯಾಯಿತು. ಉಳಿದ ಇಬ್ಬರೂ ದಲೈ ಲಾಮಾರ 'ಮಧ್ಯಮ ಮಾರ್ಗ'ದವರೇ ಆದ್ದರಿಂದ ನೀತಿಯ ಚರ್ಚೆಗೆ ಜಾಗವಿಲ್ಲದೆ ವ್ಯಕ್ತಿ ಮತ್ತು ಪ್ರಾಂತ್ಯದ ಮಾತು ಮೇಲೆದ್ದಿತು. 2021ರಲ್ಲಿ ಹಿರಿಯ ನಾಯಕಿ ಗ್ಯಾರಿ ಡೋಲ್ಮಾ 13,363 ಮತ ಪಡೆದೂ ಕೇವಲ 1,181 ಮತಗಳಿಂದ ಅಂತಿಮ ಸುತ್ತು ತಪ್ಪಿಸಿಕೊಂಡರು. 45 ಸದಸ್ಯರ ಸಂಸತ್ತಿನ ಚುನಾವಣೆಯಲ್ಲಿ ಭಿಕ್ಷುಗಳಿಗೆ ಪ್ರಾಂತ್ಯಕ್ಕೊಂದು, ಪಂಥಕ್ಕೊಂದು ಎಂದು ಎರಡು ಮತಗಳಿರುವುದೂ ಆಕ್ಷೇಪಕ್ಕೆ ಕಾರಣವಾಗಿದೆ. ಭಿಕ್ಷುಗಳೇ ತುಂಬಿರುವ ಮುಂಡಗೋಡದಲ್ಲಿ ಈ ಪ್ರಶ್ನೆ ಬರೀ ತಾತ್ವಿಕವಲ್ಲ.

ಕಾಲೊನಿಯ ಹೊರಗೆ

ಇನ್ನು ಕಾಲೊನಿಯ ಹೊರಗಿನ ಕಥೆ. 2008ರಲ್ಲಿ ಯಲ್ಲಾಪುರ ಕ್ಷೇತ್ರದಿಂದ ಬಿಜೆಪಿಯ ವಿ.ಎಸ್. ಪಾಟೀಲ ಗೆದ್ದರು. 2013ರಲ್ಲಿ ಕಾಂಗ್ರೆಸ್ಸಿನ ಶಿವರಾಮ ಹೆಬ್ಬಾರ ಗೆದ್ದರು. 2018ರಲ್ಲಿ ಮರು ಆಯ್ಕೆ ಬಯಸಿದ ಹೆಬ್ಬಾರ 66,290 ಮತ ಗಳಿಸಿ, 64,807 ಮತ ಪಡೆದ ಪಾಟೀಲರನ್ನು 1,483 ಮತಗಳ ಕೂದಲೆಳೆಯ ಅಂತರದಿಂದ ಸೋಲಿಸಿದರು. ಇಲ್ಲಿಯವರೆಗೆ ಎಲ್ಲವೂ ಪಠ್ಯಪುಸ್ತಕದ ಪ್ರಜಾಪ್ರಭುತ್ವ.

2019ರ ಜುಲೈನಲ್ಲಿ ಮೈತ್ರಿ ಸರ್ಕಾರವನ್ನು ಉರುಳಿಸಿದ ಶಾಸಕರಲ್ಲಿ ಹೆಬ್ಬಾರರೂ ಒಬ್ಬರು. ಸಭಾಧ್ಯಕ್ಷ ರಮೇಶ್ ಕುಮಾರ್ ಅವರನ್ನು ಅನರ್ಹಗೊಳಿಸಿದರು. ನವೆಂಬರ್ 13ರಂದು ಸುಪ್ರೀಂ ಕೋರ್ಟು ಅನರ್ಹತೆಯನ್ನು ಎತ್ತಿಹಿಡಿದು, ಮತ್ತೆ ಸ್ಪರ್ಧಿಸಲು ಮಾತ್ರ ಅಡ್ಡಿಯಿಲ್ಲ ಎಂದಿತು. ಬಿಜೆಪಿಯ ಟಿಕೆಟ್ ಅವರಿಗೆ ದೊರೆಯಿತು. ಒಂದೂವರೆ ವರ್ಷದ ಹಿಂದೆ ಅವರ ವಿರುದ್ಧ ಮನೆಮನೆ ತಿರುಗಿ ಮತ ಕೇಳಿದ್ದ ಕಾರ್ಯಕರ್ತನನ್ನು ಯಾರೂ ಕೇಳಲಿಲ್ಲ. ಟಿಕೆಟ್ಟಿನ ಸಹಜ ಹಕ್ಕುದಾರರಾಗಿದ್ದ ಪಾಟೀಲರಿಗೆ ವಾಯವ್ಯ ಸಾರಿಗೆ ಸಂಸ್ಥೆಯ ಅಧ್ಯಕ್ಷ ಪದವಿ ಬಂತು. ಡಿಸೆಂಬರ್ 5ರ ಉಪಚುನಾವಣೆಯಲ್ಲಿ ಹೆಬ್ಬಾರ 80,442 ಮತ ಪಡೆದು ಕಾಂಗ್ರೆಸ್ಸಿನ ಭೀಮಣ್ಣ ನಾಯ್ಕರನ್ನು 31,408 ಮತಗಳಿಂದ ಮಣಿಸಿದರು. ಮುಂದೆ ಕಾರ್ಮಿಕ ಸಚಿವರೂ ಆದರು.

ಬಳಿಕ ನಡೆದದ್ದು ಇನ್ನೂ ವಿಚಿತ್ರ. 2023ರ ಹೊತ್ತಿಗೆ ಪಾಟೀಲರು ಕಾಂಗ್ರೆಸ್ಸಿಗೆ ಬಂದಿದ್ದರು. ಐದು ವರ್ಷದ ಹಿಂದಿನ ಅದೇ ಇಬ್ಬರು, ಅಂಗಿ ಅದಲುಬದಲು ಮಾಡಿಕೊಂಡು, ಅದೇ ಮತದಾರರ ಮುಂದೆ ನಿಂತರು. ಹೆಬ್ಬಾರರಿಗೆ 74,699, ಪಾಟೀಲರಿಗೆ 70,695. ಅಂತರ 4,004. ಈ ಫಲಿತಾಂಶವನ್ನು ಎರಡು ರೀತಿಯಲ್ಲಿ ಓದಬಹುದು. ವ್ಯಕ್ತಿಯ ಲೆಕ್ಕದಲ್ಲಿ, ಎರಡೂ ಸಲ ಹೆಬ್ಬಾರರೇ ಸ್ವಲ್ಪದರಲ್ಲಿ ಮುಂದು. ಜನ ಪಕ್ಷ ನೋಡಲಿಲ್ಲ. ಪಕ್ಷದ ಲೆಕ್ಕದಲ್ಲಿ, ಬಿಜೆಪಿ 64,807ರಿಂದ 74,699ಕ್ಕೆ, ಕಾಂಗ್ರೆಸ್ 66,290ರಿಂದ 70,695ಕ್ಕೆ ಏರಿದವು. ಎರಡೂ ಕಡೆಯ ನಿಷ್ಠಾವಂತರು ತಮ್ಮ ಚಿಹ್ನೆಯ ಹಿಂದೆ ಯಾರಿದ್ದರೂ ಒತ್ತಿದರು. ಸತ್ಯ ಇವೆರಡರ ನಡುವೆ ಎಲ್ಲಿಯೋ ಇದೆ. ಯಾವ ಓದನ್ನು ಒಪ್ಪಿದರೂ ಒಂದು ಅಂಶ ಬದಲಾಗದು: ಇವರಿಬ್ಬರಲ್ಲಿ ಯಾರು ಯಾವ ಪಕ್ಷದ ಅಭ್ಯರ್ಥಿಯಾಗಬೇಕು ಎಂಬ ತೀರ್ಮಾನದಲ್ಲಿ ಮುಂಡಗೋಡದ ಮತದಾರನ ಪಾಲು ಸೊನ್ನೆ.

ನೆರೆಯ ಹಳಿಯಾಳದಲ್ಲಿಯೂ ಬೇರೆ ಚಿತ್ರವಿಲ್ಲ. 2023ರಲ್ಲಿ ಅಲ್ಲಿ ಆರ್.ವಿ. ದೇಶಪಾಂಡೆ ಬಿಜೆಪಿಯ ಸುನೀಲ್ ಹೆಗಡೆಯವರನ್ನು 3,623 ಮತಗಳಿಂದ ಸೋಲಿಸಿದರು. ಕಾಂಗ್ರೆಸ್ ಬಿಟ್ಟು ಜಾತ್ಯತೀತ ಜನತಾದಳದಿಂದ ನಿಂತ ಎಸ್.ಎಲ್. ಘೋಟ್ನೇಕರ್ ಆ ಅಂತರದ ಹಲವು ಪಟ್ಟು ಮತ ಪಡೆದರು. ಪಕ್ಷದೊಳಗೆ ತೀರ್ಮಾನವಾಗಬೇಕಿದ್ದ ಹಿರಿಯ-ಕಿರಿಯರ ಜಗಳವನ್ನು ಇಡೀ ಕ್ಷೇತ್ರ ಹೊತ್ತು ತಿರುಗಿತು.

ಕರ್ನಾಟಕದಲ್ಲಿ ಪ್ರಾಥಮಿಕ ಚುನಾವಣೆಯ ಪ್ರಯೋಗ ನಡೆದೇ ಇಲ್ಲವೆಂದಲ್ಲ. 2014ರ ಲೋಕಸಭಾ ಚುನಾವಣೆಗೆ ರಾಹುಲ್ ಗಾಂಧಿಯವರ ಒತ್ತಾಸೆಯಿಂದ ಕಾಂಗ್ರೆಸ್ ದೇಶದ ಕೆಲವೇ ಕ್ಷೇತ್ರಗಳಲ್ಲಿ ಇದನ್ನು ಜಾರಿಗೊಳಿಸಿತು. ಅವುಗಳಲ್ಲಿ ಬೆಂಗಳೂರು ಉತ್ತರ ಮತ್ತು ದಕ್ಷಿಣ ಕನ್ನಡ ಸೇರಿದ್ದವು. ಮತದಾರರು ಪಕ್ಷದ ಪದಾಧಿಕಾರಿಗಳು, ಸ್ಥಳೀಯ ಪ್ರತಿನಿಧಿಗಳು ಇತ್ಯಾದಿ, ಜನಸಾಮಾನ್ಯರಲ್ಲ. ಬೆಂಗಳೂರು ಉತ್ತರದಲ್ಲಿ ಸಿ. ನಾರಾಯಣಸ್ವಾಮಿ, ದಕ್ಷಿಣ ಕನ್ನಡದಲ್ಲಿ ಜನಾರ್ದನ ಪೂಜಾರಿ ಆಯ್ಕೆಯಾದರು. ಇಬ್ಬರೂ ಸೋತರು. ಆ ವರ್ಷದ ಮೋದಿ ಅಲೆಯಲ್ಲಿ ವರಿಷ್ಠರೇ ಆರಿಸಿದ ಅಭ್ಯರ್ಥಿಗಳೂ ಕೊಚ್ಚಿಹೋದರು ಎಂಬುದನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ. ಸೋಲಿನ ಹೊಣೆ ಪದ್ಧತಿಯ ಮೇಲೆ ಬಿತ್ತು, ಪ್ರಯೋಗ ಸದ್ದಿಲ್ಲದೆ ಮುಗಿಯಿತು.

ಎರಡು ಮತಪೆಟ್ಟಿಗೆಗಳ ನಡುವೆ ಒಂದು ಕಿರುದಾರಿಯೂ ಇದೆ. 1950ರ ಜನವರಿ 26ರಿಂದ 1987ರ ಜುಲೈ 1ರ ಮುನ್ನ ಭಾರತದಲ್ಲಿ ಹುಟ್ಟಿದವರು ಕಾನೂನಿನ ಪ್ರಕಾರ ಜನ್ಮದಿಂದಲೇ ಪ್ರಜೆಗಳು. ಟಿಬೆಟಿಯನ್ನರಿಗೂ ಇದು ಅನ್ವಯಿಸುತ್ತದೆಂದು ಕರ್ನಾಟಕ ಹೈಕೋರ್ಟು 2013ರ ಆಗಸ್ಟ್‌ನಲ್ಲಿ ಹೇಳಿತು. 2014ರ ಫೆಬ್ರುವರಿಯಲ್ಲಿ ಚುನಾವಣಾ ಆಯೋಗ ಅಂಥವರ ಹೆಸರನ್ನು ಮತದಾರರ ಪಟ್ಟಿಗೆ ಸೇರಿಸಿಕೊಳ್ಳಲು ಸೂಚಿಸಿತು. ಆದರೂ ನಿರಾಶ್ರಿತನೆಂಬ ಗುರುತು ಕಳೆದುಕೊಂಡರೆ ಟಿಬೆಟಿನ ಹೋರಾಟ ಏನಾದೀತು ಎಂಬ ಅಳುಕು ಅನೇಕರನ್ನು ಹಿಂದಕ್ಕೆಳೆಯಿತು. ಸಾವಿರ, ನಾಲ್ಕು ಸಾವಿರದ ಅಂತರದಲ್ಲಿ ಫಲಿತಾಂಶ ತೀರ್ಮಾನವಾಗುವ ಯಲ್ಲಾಪುರದಂಥ ಕ್ಷೇತ್ರದಲ್ಲಿ ಈ ಮತಗಳ ತೂಕವೇನೆಂದು ರಾಜಕಾರಣಿಗಳಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಯಲ್ಲಾಪುರದ ಮುಂದಿನ ಟಿಕೆಟ್ಟಿನ ಆಟವಂತೂ ಆರಂಭವಾಗಿ ಬಹಳ ದಿನಗಳಾದವು. 2024ರ ಫೆಬ್ರುವರಿಯ ರಾಜ್ಯಸಭಾ ಚುನಾವಣೆಯಲ್ಲಿ ಹೆಬ್ಬಾರ ಮತ ಹಾಕಲು ಹೋಗಲಿಲ್ಲ. 2025ರ ಮೇ ತಿಂಗಳಲ್ಲಿ ಬಿಜೆಪಿ ಅವರನ್ನೂ ಎಸ್.ಟಿ. ಸೋಮಶೇಖರ್ ಅವರನ್ನೂ ಆರು ವರ್ಷಗಳ ಕಾಲ ಉಚ್ಚಾಟಿಸಿತು. ಉಚ್ಚಾಟನೆಯಿಂದ ಶಾಸಕ ಸ್ಥಾನ ಹೋಗುವುದಿಲ್ಲ. ಆದರೆ ಉಚ್ಚಾಟಿತನೂ ಪಕ್ಷಾಂತರ ನಿಷೇಧ ಕಾನೂನಿನ ದೃಷ್ಟಿಯಲ್ಲಿ ಹಳೆಯ ಪಕ್ಷದವನೇ ಎಂದು ಸುಪ್ರೀಂ ಕೋರ್ಟು 1996ರ ವಿಶ್ವನಾಥನ್ ಪ್ರಕರಣದಲ್ಲಿ ಹೇಳಿರುವುದರಿಂದ, ಅಂಥ ಶಾಸಕ ಬೇರೆ ಪಕ್ಷವನ್ನು ವಿಧ್ಯುಕ್ತವಾಗಿ ಸೇರಿದರೆ ಸ್ಥಾನಕ್ಕೆ ಸಂಚಕಾರ. 2023ರಲ್ಲಿ ರಚನೆಯಾದ ವಿಧಾನಸಭೆಯ ಅವಧಿ 2028ರ ಮೇ ತಿಂಗಳವರೆಗೆ. ಅಲ್ಲಿಯವರೆಗೆ ಹೆಬ್ಬಾರ ಯಾವ ಕಡೆ, ಅವರು ಬಂದರೆ ಪಾಟೀಲರು ಯಾವ ಕಡೆ, ಬಿಜೆಪಿಯ ಖಾಲಿ ಜಾಗಕ್ಕೆ ಯಾರು ಎಂಬ ಮಾತುಗಳು ಬೆಂಗಳೂರಿನಲ್ಲಿಯೂ ದೆಹಲಿಯಲ್ಲಿಯೂ ನಡೆಯುತ್ತವೆ. ಮುಂಡಗೋಡದ ಬಸ್ ನಿಲ್ದಾಣದ ಚಹಾದಂಗಡಿಯಲ್ಲಿಯೂ ನಡೆಯುತ್ತವೆ; ಆದರೆ ಅಲ್ಲಿನ ಮಾತಿಗೆ ಮತಪತ್ರವಿಲ್ಲ.